ಕೆರೆ ಶಾಸನದ ಪಿಎಚ್.ಡಿ.ಗೂ ಎಐ ಹಾಕಲೇಬೇಕಾ?

ಕೆರೆಏರಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾನು ಬೆಂಗಳೂರಿನಲ್ಲಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಬೆಂಗಳೂರು, ಕೋಲಾರ ಸೀಮೆಯ ಶಾಸನಗಳಲ್ಲಿ ಕೆರೆ. ಕೆರೆ ಕಟ್ಟಿಸಿದವರು ಯಾರು, ಏರಿ ಒಡೆದರೆ ದುಡ್ಡು ಯಾರು ಕೊಟ್ಟರು, ಕೆರೆ ನೋಡಿಕೊಳ್ಳಲು ಬಿತ್ತುವಟ್ಟ ಅಂತ ಬಿಟ್ಟ ಭೂಮಿ ಯಾರ ಕೈಗೆ ಹೋಯಿತು, ಕೆರೆ ಕಟ್ಟಿದ್ದಕ್ಕೆ ಕಟ್ಟುಕೊಡಗೆ ಅಂತ ಭೂಮಿ ಪಡೆದವರು ಎಂಥವರು. ಇಷ್ಟೇ ನನ್ನ ಪ್ರಶ್ನೆಗಳು. ಮುಖ್ಯ ಆಕರ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕ, 9 ಮತ್ತು 10ನೇ ಸಂಪುಟ. ಎರಡೂ 1905ರವು. ಇದುವರೆಗೆ ಪುಸ್ತಕ, ಪೆನ್ಸಿಲ್, ಒಂದು ಎಕ್ಸೆಲ್ ಶೀಟು. ಅಷ್ಟರಲ್ಲೇ ಕೆಲಸ ನಡೆಯುತ್ತಿತ್ತು.

ಮೊನ್ನೆ ಪ್ರಗತಿ ಪರಿಶೀಲನೆ ಸಭೆ ಇತ್ತು. ಎಲ್ಲ ಕೇಳಿಸಿಕೊಂಡ ಮೇಲೆ ಒಬ್ಬ ಸದಸ್ಯರು, 'ಚೆನ್ನಾಗಿದೆ, ಆದರೆ ಇದರಲ್ಲಿ ಎಐ ಎಲ್ಲಿದೆ?' ಅಂದರು. ನಾನು ನಗು ಬಂತೆಂದು ನಕ್ಕೆ. ಅವರು ನಗಲಿಲ್ಲ. ಮುಂದಿನ ಸಭೆಗೆ ವಿಧಾನದ ಅಧ್ಯಾಯದಲ್ಲಿ 'ಎಐ ಅಂಶ' ಸೇರಿಸಿ ತನ್ನಿ ಅಂತ ಹೇಳಿ ಕಳಿಸಿದರು. ನನ್ನ ಗೈಡ್ ಸುಮ್ಮನೆ ಟೀ ಕುಡಿಯುತ್ತಿದ್ದರು.

ಸುತ್ತ ನೋಡಿದರೆ ಎಲ್ಲರೂ ಅದರಲ್ಲೇ ಇದ್ದಾರೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿರುವ ಗೆಳತಿ ರಾಗಿ ಎಲೆಯ ಫೋಟೋ ಕೊಟ್ಟು ಬೆಂಕಿ ರೋಗ ಇದೆಯೋ ಇಲ್ಲವೋ ಕೇಳುತ್ತಾಳೆ. ರೂಮ್‌ಮೇಟ್ ಅರ್ಥಶಾಸ್ತ್ರದವಳು. ಸರ್ವೇಯಲ್ಲಿ ಜನ ಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಯಂತ್ರದ ಕೈಲೇ ವಿಂಗಡಿಸುತ್ತಾಳೆ. ಮನಶ್ಶಾಸ್ತ್ರದವರು, ಭಾಷಾಶಾಸ್ತ್ರದವರು, ಕಾನೂನಿನವರು, ಯಾರೂ ಬಿಟ್ಟಿಲ್ಲ. ನಾನೊಬ್ಬಳೇ ಬಿತ್ತುವಟ್ಟ ಎಣಿಸುತ್ತಾ ಕೂತಿದ್ದೇನೆ.

ನನ್ನ ಪ್ರಶ್ನೆ ಇಷ್ಟು. ಇಂಥ ವಿಷಯಕ್ಕೆ ಎಐ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಕಮಿಟಿಗೋಸ್ಕರ ಎರಡು ಪುಟ ಬರೆದು ಮುಗಿಸಲಾ? ಬಳಸಿದರೆ ಅದರ ಮಾತನ್ನು ಎಷ್ಟು ನಂಬಬಹುದು? ಇನ್ನೊಂದು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದರಿಂದ ತಿದ್ದಿಸಿಕೊಂಡರೆ 'ಎಐ ಬರೆದದ್ದು' ಅಂತ ಸಾಫ್ಟ್‌ವೇರ್ ಹಿಡಿಯುತ್ತಾ?

---

ಮಡಚಿದ_ಪ್ರೋಟೀನು

ನಾನು ಸ್ಟ್ರಕ್ಚರಲ್ ಬಯಾಲಜಿಯವನು, ಯಶವಂತಪುರದ ಕಡೆ ವಾಸ. ನಿಮ್ಮ ಸಭೆಯಲ್ಲಿ ಆ ಮಾತು ಬರಲು ಒಂದರ್ಥದಲ್ಲಿ ನಮ್ಮ ವಿಷಯವೇ ಕಾರಣ. ಎಲ್ಲರೂ ತೋರಿಸುವ ಉದಾಹರಣೆ ಆಲ್ಫಾಫೋಲ್ಡ್ ಅಲ್ವಾ, ಪ್ರೋಟೀನ್ ಆಕಾರ ಊಹಿಸುವ ಎಐ. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಡೇವಿಡ್ ಬೇಕರ್‌ಗೆ ಹೋಯಿತು, ಇನ್ನರ್ಧ ಅದನ್ನು ಮಾಡಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ. 2022ರ ಹೊತ್ತಿಗೆ 20 ಕೋಟಿಗೂ ಜಾಸ್ತಿ ಪ್ರೋಟೀನ್‌ಗಳ ಆಕಾರ ಊಹಿಸಿ ಎಲ್ಲರಿಗೂ ಬಿಟ್ಟಿ ಕೊಟ್ಟರು. ನಮ್ಮ ಲ್ಯಾಬಿನಲ್ಲಿ ಹೊಸ ಪ್ರೋಟೀನ್ ಕೈಗೆ ಬಂದರೆ ಮೊದಲು ನೋಡುವುದೇ ಅಲ್ಲಿ. ಒಂದು ಆಕಾರ ಹಿಡಿಯಲು ವರ್ಷಗಟ್ಟಲೆ ಹರಳು ಬೆಳೆಸುತ್ತಾ ಕೂತವರು ಇದನ್ನು ನೋಡಿ ಒಂದು ವಾರ ಮಂಕಾಗಿದ್ದರು. ಆಮೇಲೆ ಅವರೇ ಎಲ್ಲರಿಗಿಂತ ಜಾಸ್ತಿ ಬಳಸತೊಡಗಿದರು.

ಆದರೆ ಅದು ಯಾಕೆ ಸಾಧ್ಯವಾಯಿತು ಅಂತ ನಿಮ್ಮ ಕಮಿಟಿಯವರನ್ನು ಕೇಳಿ ನೋಡಿ. ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಗಿದ್ದು 1971ರಲ್ಲಿ, ಬರೀ 7 ಆಕಾರಗಳೊಂದಿಗೆ. ಅರ್ಧ ಶತಮಾನ ಜಗತ್ತಿನ ಲ್ಯಾಬುಗಳೆಲ್ಲ ಪ್ರಯೋಗ ಮಾಡಿ, ಒಂದೊಂದನ್ನೂ ಪರೀಕ್ಷಿಸಿ, ಒಂದೇ ನಮೂನೆಯಲ್ಲಿ ಅಲ್ಲಿಗೆ ಸೇರಿಸಿದವು. ಅದು ಲಕ್ಷ ದಾಟಿದ ಮೇಲೆ ಯಂತ್ರ ಕಲಿತದ್ದು. ಮೇಲಿಂದ ಪರೀಕ್ಷೆ ಬೇರೆ ಇತ್ತು. 1994ರಿಂದ ಎರಡು ವರ್ಷಕ್ಕೊಮ್ಮೆ ಕ್ಯಾಸ್ಪ್ ಅಂತ ನಡೆಯುತ್ತದೆ. ಉತ್ತರ ಗೊತ್ತಿರುವವರು ಮುಚ್ಚಿಟ್ಟುಕೊಂಡಿರುತ್ತಾರೆ, ಸ್ಪರ್ಧಿಗಳು ಊಹಿಸಬೇಕು. 2020ರಲ್ಲಿ ಆಲ್ಫಾಫೋಲ್ಡ್ ಗೆದ್ದದ್ದು ಅಲ್ಲಿ. ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರಗಳ ಪುಟ ಇರುತ್ತದಲ್ಲ, ನಮಗೆ ಅಂಥದ್ದೊಂದು ಪುಟ ಇತ್ತು. ನಿಮಗೆ ಇದೆಯಾ?

ಇನ್ನೊಂದು ಮಾತು. ಆಲ್ಫಾಫೋಲ್ಡ್ ತನಗೆ ಎಲ್ಲಿ ಗ್ಯಾರಂಟಿ ಇಲ್ಲ ಅನ್ನುವುದನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಕಿತ್ತಳೆ ಬಣ್ಣ ಬಂದ ಭಾಗ ನಂಬಬಾರದು. ಅಷ್ಟಾದ ಮೇಲೂ ನಾವು ಮಾದರಿ ಸರಿಯಿದೆಯಾ ಅಂತ ನೋಡಲು ರಾಮಚಂದ್ರನ್ ಪ್ಲಾಟ್ ಹಾಕುತ್ತೇವೆ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು ಅಂತ ತೋರಿಸುವ ನಕ್ಷೆ ಅದು. ಜಿ.ಎನ್. ರಾಮಚಂದ್ರನ್ ಮತ್ತು ಜೊತೆಯವರು 1963ರಲ್ಲಿ ಮದ್ರಾಸಿನಲ್ಲಿ ಕೊಟ್ಟದ್ದು. ಆಮೇಲೆ ಅವರೇ ಇಲ್ಲಿ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ನಿಮ್ಮ ಚಾಟ್‌ಬಾಟ್‌ಗೆ ಆ ಕಿತ್ತಳೆ ಬಣ್ಣ ಇಲ್ಲ. ತಪ್ಪನ್ನೂ ಅದೇ ಧೈರ್ಯದಲ್ಲಿ ಹೇಳುತ್ತದೆ.

---

ಶೇಕಡಾ_ಹತ್ತು

ಮೂರನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ನನಗೆ ಅದರ ಬಿಸಿ ಚೆನ್ನಾಗಿ ತಟ್ಟಿದೆ.

ಎರಡು ಬೇರೆ ಬೇರೆ ವಿಚಾರ, ಕಚೇರಿಯಲ್ಲಿ ಒಂದೇ ಅಂದುಕೊಳ್ಳುತ್ತಾರೆ. ಒಂದು ಸಿಮಿಲಾರಿಟಿ, ಅಂದರೆ ಬೇರೆಯವರ ಬರಹಕ್ಕೆ ನಿಮ್ಮದು ಎಷ್ಟು ಹೋಲುತ್ತದೆ ಅನ್ನುವ ಲೆಕ್ಕ. ಅದಕ್ಕೆ ಯುಜಿಸಿಯ 2018ರ ನಿಯಮ ಇದೆ. ಶೇ. 10ರವರೆಗೆ ತೊಂದರೆ ಇಲ್ಲ, 10 ದಾಟಿ 40ರವರೆಗೆ ತಿದ್ದಿ ಮತ್ತೆ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಇನ್ನೊಂದು 'ಎಐ ಶೇಕಡಾ ಇಷ್ಟು' ಅಂತ ಬರುವ ವರದಿ. ಆ ನಿಯಮ ಬಂದಾಗ ಚಾಟ್‌ಜಿಪಿಟಿ ಹುಟ್ಟೇ ಇರಲಿಲ್ಲ. ಅದು ಬಂದದ್ದು 2022ರ ನವೆಂಬರ್‌ನಲ್ಲಿ. ಹಾಗಾಗಿ ಆ ಎರಡನೇ ನಂಬರಿಗೆ ಈ ಶೇ. 10ರ ಲೆಕ್ಕ ಅಂಟಿಸುವುದು ಕಚೇರಿಯವರ ಸ್ವಂತ ಬುದ್ಧಿ.

ನಾನೇ ಕೂತು ಬರೆದ ಪೀಠಿಕೆಗೆ 'ಬಹುಪಾಲು ಎಐ' ಅಂತ ವರದಿ ಬಂತು. ಎಲ್ಲಿ ಅಂತ ಹೇಳಲ್ಲ. ವಾಕ್ಯಗಳನ್ನು ಬೇಕಂತಲೇ ಕೆಡಿಸಿ ಬರೆದು ಪಾಸಾದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರೇ 2023ರ ಜನವರಿಯಲ್ಲಿ ಪತ್ತೆ ಮಾಡುವ ಸಾಧನ ಬಿಟ್ಟು, ನಿಖರತೆ ಸಾಲದು ಅಂತ ಜುಲೈನಲ್ಲಿ ನಿಲ್ಲಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ ಹಲವು ಸಾಧನಗಳಿಗೆ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳನ್ನು ಕೊಟ್ಟು ನೋಡಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆದದ್ದರಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಯಂತ್ರದ್ದು ಅಂತ ಹೇಳಿದವು. ಸರಳ ಪದ, ಸರಳ ವಾಕ್ಯ ಬರೆದರೆ ಯಂತ್ರ ಅಂತೆ. ನಮ್ಮಂಥವರು ಇನ್ನೇನು ಬರೆಯೋದು?

ಕರಡುಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ತೋರಿಸಬಹುದು.

---

ನಾಗರಬಾವಿ_ನಂಬರ್ರು

ಹಿಂದೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಂಕಿಅಂಶದ ಕೆಲಸ ಮಾಡಿದವನು. ಈಗ ನಿವೃತ್ತ. ಆದರೂ ಮಕ್ಕಳು ಥೀಸಿಸ್ ಹಿಡಿದುಕೊಂಡು ಬರುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಎರಡು ವರ್ಷದಿಂದ ಬರುವ ಪ್ರತಿಯೊಂದು ಥೀಸಿಸ್‌ನಲ್ಲೂ ಒಂದು ಮಾಡೆಲ್ ಇರುತ್ತದೆ, ಅದರ ನಿಖರತೆ ಶೇ. 97, 98 ಅಂತ ಇರುತ್ತದೆ. ಆ ನಂಬರು ನೋಡಿದ ಕೂಡಲೇ ನನಗೆ ಅನುಮಾನ. ಸಮಾಜ ವಿಜ್ಞಾನದಲ್ಲಿ 98 ಬಂತು ಅಂದರೆ ಎಲ್ಲೋ ಉತ್ತರ ಸೋರಿದೆ ಅಂತಲೇ ಅರ್ಥ.

ಸೋರಿಕೆ ಅಂದದ್ದು ಸುಮ್ನೆ ಅಲ್ಲ. ಪ್ರಿನ್ಸ್‌ಟನ್‌ನ ಸಯಶ್ ಕಪೂರ್ ಮತ್ತು ಅರವಿಂದ್ ನಾರಾಯಣನ್ 2023ರಲ್ಲಿ ಇದನ್ನೇ ಹುಡುಕಿದರು. 17 ಕ್ಷೇತ್ರಗಳಲ್ಲಿ 294 ಪ್ರಬಂಧಗಳಿಗೆ ಈ ಸೋರಿಕೆ ತಟ್ಟಿದೆ ಅಂತ ತೋರಿಸಿದರು. ಪರೀಕ್ಷೆಗೆ ಇಟ್ಟ ಮಾಹಿತಿ ಒಂದಲ್ಲ ಒಂದು ದಾರಿಯಲ್ಲಿ ಕಲಿಕೆಯೊಳಗೆ ನುಗ್ಗಿತ್ತು. ಅಂತರ್ಯುದ್ಧ ಎಲ್ಲಿ ಆಗಬಹುದು ಅಂತ ಊಹಿಸುವ ದೊಡ್ಡ ದೊಡ್ಡ ಮಾಡೆಲ್‌ಗಳು ಅದರಲ್ಲಿದ್ದವು. ಸೋರಿಕೆ ಮುಚ್ಚಿ ಮತ್ತೆ ಓಡಿಸಿದರೆ ಲಾಜಿಸ್ಟಿಕ್ ರಿಗ್ರೆಶನ್ ಅನ್ನುವ ಹಳೇ ಅಂಕಿಅಂಶದ ವಿಧಾನಕ್ಕಿಂತ ಏನೂ ಮೇಲಿಲ್ಲ.

ಕೊರೋನಾ ಕಾಲದ್ದು ಇನ್ನೂ ಚೋದ್ಯ. ಎದೆಯ ಎಕ್ಸ್‌ರೇ, ಸಿಟಿ ನೋಡಿ ಕೋವಿಡ್ ಹೇಳುವ ಮಾಡೆಲ್ ಅಂತ 2020ರಲ್ಲಿ ಪ್ರಬಂಧಗಳ ಸುರಿಮಳೆ. ಕೇಂಬ್ರಿಜ್‌ನವರು 2,212 ಪ್ರಬಂಧ ಗುಡ್ಡೆ ಹಾಕಿ, ಸೋಸಿ, ಕೊನೆಗೆ ಉಳಿದ 62ನ್ನು ಕೂಲಂಕಷವಾಗಿ ಓದಿದರು. ಆಸ್ಪತ್ರೆಯಲ್ಲಿ ಬಳಸುವಂಥದ್ದು ಒಂದೂ ಇರಲಿಲ್ಲ. ಕೆಲವರು 'ಕೋವಿಡ್ ಇಲ್ಲದವರು' ಅಂತ ತೆಗೆದುಕೊಂಡದ್ದು 1ರಿಂದ 5 ವರ್ಷದ ಮಕ್ಕಳ ಎಕ್ಸ್‌ರೇ. ಕೋವಿಡ್ ಇದ್ದವರು ದೊಡ್ಡವರು. ಯಂತ್ರ ಕಲಿತದ್ದು ಏನಿರಬಹುದು? ಮಗು ಯಾವುದು, ದೊಡ್ಡವರು ಯಾರು ಅಂತ.

ಈಗ ನಿಮ್ಮ ಕೆರೆಗೆ ಬರೋಣ. ಶಾಸನದಲ್ಲಿ ಎಐ ಏನೂ ಮಾಡಲಾರದು ಅನ್ನುವವನು ನಾನಲ್ಲ. 2022ರಲ್ಲಿ ಗೂಗಲ್‌ನ ಎಐ ಕಂಪನಿ ಡೀಪ್‌ಮೈಂಡ್‌ನವರು ವೆನಿಸ್‌ನ ವಿದ್ವಾಂಸರ ಜೊತೆ ಸೇರಿ ಗ್ರೀಕ್ ಶಾಸನಗಳಿಗೆ ಇಥಾಕಾ ಅಂತ ಮಾಡಿದರು. ಒಡೆದುಹೋದ ಅಕ್ಷರ ತುಂಬುವುದರಲ್ಲಿ ಇತಿಹಾಸಕಾರರು ತಾವೇ ಮಾಡಿದಾಗ ಶೇ. 25 ಸರಿ ಬಂತು, ಯಂತ್ರ ಒಂದೇ ಮಾಡಿದಾಗ ಶೇ. 62, ಇಬ್ಬರೂ ಸೇರಿದಾಗ ಶೇ. 72. ಆ ಕೊನೆಯ ನಂಬರು ನಿಮ್ಮ ಕಮಿಟಿಗೆ ತೋರಿಸಿ, ಖುಷಿಯಾಗುತ್ತಾರೆ. ಆದರೆ ಅಲ್ಲೂ ಮಡಚಿದ_ಪ್ರೋಟೀನು ಹೇಳಿದ್ದೇ ಕಥೆ. ಗ್ರೀಕ್ ಶಾಸನಗಳನ್ನು ಒಂದು ಸಂಸ್ಥೆ ದಶಕಗಳಿಂದ ಟೈಪ್ ಮಾಡಿಸಿ ಇಟ್ಟಿತ್ತು. ನಮ್ಮಲ್ಲಿ ರೈಸ್ ಸಂಪುಟಗಳ ಸ್ಕ್ಯಾನ್ ಸಿಗುತ್ತದೆ, ಆದರೆ ಹಳಗನ್ನಡ ಪಠ್ಯವನ್ನು ಯಂತ್ರಕ್ಕೆ ಓದಿಸಲು ಹೋದರೆ ೞ, ಱ ಅನ್ನುವ ಹಳೇ ಅಕ್ಷರ ಬಂದ ಕಡೆಯೆಲ್ಲ ಎಡವುತ್ತದೆ. ಒತ್ತಕ್ಷರದ ಗತಿ ಕೇಳಬೇಡಿ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ರೈಸ್ ಸಂಪುಟದಲ್ಲಿ ಕನ್ನಡ ಪಠ್ಯ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ. ಇಂಗ್ಲಿಷ್ ಭಾಗ ಎಷ್ಟೋ ವರ್ಷದಿಂದ ಇಂಟರ್‌ನೆಟ್ಟಿನಲ್ಲಿದೆ. ಚಾಟ್‌ಬಾಟ್ ಅದನ್ನು ಮೊದಲೇ ಓದಿರುವ ಸಾಧ್ಯತೆ ಜಾಸ್ತಿ. ನೀವು ಕನ್ನಡ ಪಠ್ಯ ಕೊಟ್ಟು ಕೇಳಿದಾಗ ಅದು ಶಾಸನ ಓದಿ ಹೇಳುತ್ತಿದೆಯೋ, 1905ರ ರೈಸ್ ಹೇಳಿದ್ದನ್ನು ನೆನಪಿಸಿಕೊಂಡು ಒಪ್ಪಿಸುತ್ತಿದೆಯೋ, ಹೇಗೆ ಹೇಳ್ತೀರಿ? ಪರೀಕ್ಷಿಸುವ ದಾರಿ ಒಂದಿದೆ. ರೈಸ್‌ಗೆ ಸಿಗದೇ ಇದ್ದ ಕಲ್ಲು ಕೊಡಿ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಶಾಸನ ಇದೆಯಲ್ಲ, ಸುಮಾರು ಕ್ರಿ.ಶ. 750ರದ್ದು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಹಿಡಿದಿದ್ದಾರೆ, ಅವರ ಬಳಿಯೂ ವಿಚಾರಿಸಿ. ಇಂಟರ್‌ನೆಟ್ಟಿನಲ್ಲಿ ಅನುವಾದ ಹರಡದ ಪಠ್ಯ ಎಷ್ಟು ಸಿಕ್ಕರೆ ಅಷ್ಟು ಒಳ್ಳೆಯದು. ರೈಸ್ ಸಂಪುಟದಲ್ಲಿ ಚೆನ್ನಾಗಿ ಮಾಡಿ ಇದರಲ್ಲಿ ತಡವರಿಸಿದರೆ ಯಂತ್ರದ ಬಂಡವಾಳ ಗೊತ್ತಾಯಿತಲ್ಲ.

ಕೆಲಸದ ಕ್ರಮ ಹೇಳುತ್ತೇನೆ. ಮೊದಲು ಯಂತ್ರ ಮುಟ್ಟಲೇಬೇಡಿ. ಒಂದಿನ್ನೂರು ಶಾಸನ ಚೀಟಿ ಎತ್ತಿ ಆರಿಸಿ. ನಿಮಗೆ ಇಷ್ಟವಾದದ್ದನ್ನು ಆರಿಸಬಾರದು. ಪ್ರತಿಯೊಂದನ್ನೂ ನೀವೇ ಓದಿ ಗುರುತು ಹಾಕಿ. ಕೆರೆ ಇದೆಯಾ, ಕಟ್ಟಿದ್ದಾ, ರಿಪೇರಿಯಾ, ದಾನ ಯಾರಿಗೆ. ಅದೇ ಇನ್ನೂರನ್ನು ಹಳಗನ್ನಡ ಬಲ್ಲ ಇನ್ನೊಬ್ಬರಿಂದಲೂ ಮಾಡಿಸಿ, ನಿಮ್ಮ ಗುರುತು ತೋರಿಸದೆ. ನೀವಿಬ್ಬರೂ ಎಲ್ಲಿ ಜಗಳವಾಡುತ್ತೀರೋ ಅದೇ ನಿಮ್ಮ ಥೀಸಿಸ್‌ನ ಒಳ್ಳೆಯ ಭಾಗ ಆಗುತ್ತದೆ, ಬರೆದಿಟ್ಟುಕೊಳ್ಳಿ. ಆಮೇಲೆ ಯಂತ್ರಕ್ಕೆ ಕೊಡಿ. ಒಟ್ಟು ನಿಖರತೆ ಅಂತ ಒಂದೇ ನಂಬರು ಬರೆಯಬೇಡಿ. ಇದ್ದದ್ದನ್ನು ಎಷ್ಟು ಬಿಟ್ಟಿತು, ಇಲ್ಲದ್ದನ್ನು ಎಷ್ಟು ಸೇರಿಸಿತು, ಎರಡೂ ಬೇರೆ ಬೇರೆ. ನಿಮಗೆ ಬಿಟ್ಟು ಹೋಗುವುದೇ ದೊಡ್ಡ ಅಪಾಯ. ಜಾಸ್ತಿ ಸೇರಿಸಿದ್ದನ್ನು ನೀವು ಓದುವಾಗ ತೆಗೆದುಹಾಕಬಹುದು, ಬಿಟ್ಟದ್ದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಒಂದೇ ದಾನಕ್ಕೆ ಕಲ್ಲಿನ ಶಾಸನವೂ ತಾಮ್ರಪಟವೂ ಇರುತ್ತದೆ. ಒಂದನ್ನು ಯಂತ್ರಕ್ಕೆ ಉದಾಹರಣೆಯಾಗಿ ಕೊಟ್ಟು ಇನ್ನೊಂದನ್ನು ಪರೀಕ್ಷೆಗೆ ಇಟ್ಟರೆ ಅದೇ ಸೋರಿಕೆ. ಹಾಗೇ ಎಲ್ಲೆಯ ವಿವರ. 'ಮೂಡಲು ಕೆರೆಯ ಕೋಡಿ' ಅಂತ ಗದ್ದೆಯ ಗಡಿ ಹೇಳಿರುತ್ತಾರೆ, ಆ ಕೆರೆಗೂ ದಾನಕ್ಕೂ ಸಂಬಂಧ ಇಲ್ಲ. ಯಂತ್ರ ಅದನ್ನೂ ಕೆರೆ ಶಾಸನ ಅಂತ ಎಣಿಸುತ್ತದೆ ಅಂತ ನನ್ನ ಊಹೆ. ನೋಡಿ ಹೇಳಿ.

ಮತ್ತೆ, ಯಂತ್ರ ಏನೇ ಹೇಳಲಿ, ಜೊತೆಗೆ ಮೂಲದ ಸಾಲು ಮತ್ತು ಶಾಸನದ ನಂಬರು ಕೊಡಬೇಕು ಅಂತ ಕೇಳಿ. ಆ ಸಾಲು ಪಠ್ಯದಲ್ಲಿ ಅಕ್ಷರಕ್ಕೆ ಅಕ್ಷರ ಇದೆಯಾ ಅಂತ ಒಂದು ಸಣ್ಣ ಪ್ರೋಗ್ರಾಂ ನೋಡಿ ಹೇಳುತ್ತದೆ. ಇಲ್ಲದಿದ್ದರೆ ಆ ಉತ್ತರವನ್ನು ಹಾಗೇ ಬಿಸಾಡಿ. ಇಷ್ಟು ಮಾಡಿದರೆ ಕೊನೆಗೆ 'ಇದರಲ್ಲಿ ಎಐ ಉಪಯೋಗಕ್ಕೆ ಬರಲಿಲ್ಲ' ಅಂತ ಬಂದರೂ ಅದು ಅಧ್ಯಾಯವೇ.

---

ಗ್ರಂಥಾಲಯದಮ್ಮ

ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಪುಟ್ಟ ಮಾತು. ಈಚೆಗೆ ಸಂಶೋಧಕರು ತರುವ ಚೀಟಿಯಲ್ಲಿ ಇಲ್ಲದ ಲೇಖನಗಳೇ ಜಾಸ್ತಿ. ಪತ್ರಿಕೆ ನಿಜ, ವರ್ಷ ಸರಿ, ಲೇಖಕರು ಆ ಕಾಲದವರೇ, ಶೀರ್ಷಿಕೆ ಕೂಡ ಅವರು ಬರೆಯುವಂಥದ್ದೇ. ಸಂಪುಟ ತೆಗೆದು ಪುಟ ತಿರುಗಿಸಿದರೆ ಅಲ್ಲಿ ಬೇರೇನೋ ಇರುತ್ತದೆ. ನಾವು ಇಲ್ಲ ಅಂದರೆ ನಮ್ಮ ಮೇಲೇ ರೇಗುತ್ತಾರೆ, ನೀವು ಸರಿಯಾಗಿ ಹುಡುಕಿಲ್ಲ ಅಂತ. ಒಬ್ಬರಂತೂ ಮೇಲಧಿಕಾರಿಗೆ ದೂರು ಕೊಟ್ಟರು. ಆ ಚೀಟಿ ಎಲ್ಲಿಂದ ಬಂತು ಅಂತ ಕೇಳಿದರೆ ಫೋನ್ ತೋರಿಸುತ್ತಾರೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರು ಚಾಟ್‌ಜಿಪಿಟಿ ಕಟ್ಟಿದ ತೀರ್ಪುಗಳನ್ನು ಕೋರ್ಟಿಗೇ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದ್ದಾರೆ. ಕೆರೆಏರಿ ಅವರೇ, ಅಡಿಟಿಪ್ಪಣಿಯಲ್ಲಿ ನೀವು ಕೈಯಲ್ಲಿ ಹಿಡಿದು ನೋಡಿದ್ದನ್ನು ಮಾತ್ರ ಹಾಕಿ. ಕಾರ್ಡು ಕೊಡ್ತೀವಿ, ಬನ್ನಿ.

---

ಕೆರೆಏರಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ನಾಗರಬಾವಿ ಸರ್, ತಡೆಯಲಾಗದೆ ನಾನು ಆಗಲೇ ಗುರುತು ಹಾಕಿಟ್ಟಿದ್ದ ಒಂದಿಷ್ಟು ಶಾಸನಗಳನ್ನು ಕೊಟ್ಟು ನೋಡಿದೆ. ಗಡಿಯ ಕೆರೆ ವಿಚಾರ ನೀವು ಹೇಳಿದ ಹಾಗೇ ಆಯಿತು. ಗದ್ದೆ ದಾನವೆಲ್ಲ ಕೆರೆ ದಾನವಾಗಿ ಕೂತಿದೆ. ಇನ್ನೊಂದು ತಮಾಷೆ ಕೇಳಿ. ಊರುಗಳ ಪಟ್ಟಿ ಮಾಡು ಅಂದೆ. ಮಾಲೂರು, ಹೊಸಕೋಟೆ ಕಡೆಯ ಊರುಗಳ ನಡುವೆ ಪದೇ ಪದೇ ವಾರಣಾಸಿ. ಯಾಕೆ ಅಂತ ನಿಮಗೆ ಗೊತ್ತಾಗಿರಬೇಕು. ಕೊನೆಯಲ್ಲಿ 'ಈ ಧರ್ಮಕ್ಕೆ ತಪ್ಪಿದವರು ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪಕ್ಕೆ ಹೋಗುವರು' ಅನ್ನುವ ಶಾಪದ ಸಾಲು ಇರುತ್ತದಲ್ಲ, ಕವಿಲೆ ಅಂದರೆ ಹಸು. ಯಂತ್ರದ ಲೆಕ್ಕದಲ್ಲಿ ಕಾಶಿಯೂ ಕೋಲಾರ ಸೀಮೆಗೆ ಸೇರಿತು. ಗೈಡ್‌ಗೆ ತೋರಿಸಿದೆ. ಈ ಸಲ ಅವರು ಟೀ ಬದಿಗಿಟ್ಟು ನಕ್ಕರು.

ಆದರೆ ಒಂದು ಕಡೆ ನಿಜಕ್ಕೂ ಸಹಾಯವಾಯಿತು. ತೂಬು, ಕಾಲುವೆ, ಏರಿ ಅನ್ನುವ ಪದಗಳಿದ್ದು ಕೆರೆ ಅನ್ನುವ ಪದವೇ ಇಲ್ಲದ ಶಾಸನಗಳನ್ನು ಅದು ಎತ್ತಿ ತೋರಿಸಿತು. ಅವುಗಳಲ್ಲಿ ಕೆಲವು ನನ್ನ ಎಕ್ಸೆಲ್‌ನಲ್ಲಿ ಇರಲಿಲ್ಲ. ನಾನು ಪದಸೂಚಿ ಹಿಡಿದು ಹೋಗಿದ್ದೆ, ಪದಸೂಚಿಯಲ್ಲಿ ಅವು ಸಿಗುವಂತಿರಲಿಲ್ಲ. ಹಾಗಾಗಿ ಪೂರ್ತಿ ಬಿಡಲು ಮನಸ್ಸಿಲ್ಲ. ಮೊದಲ ಸುತ್ತಿನ ಹುಡುಕಾಟಕ್ಕೆ ಮಾತ್ರ ಇಟ್ಟುಕೊಂಡು, ಪ್ರತಿ ಕಲ್ಲನ್ನೂ ನಾನೇ ಓದುತ್ತೇನೆ ಅಂತ ವಿಧಾನದಲ್ಲಿ ಬರೆದರೆ ಸಾಕಾ? ಮತ್ತೆ ಬಳಸಿದ್ದನ್ನು ಎಷ್ಟು ಹೇಳಬೇಕು? ಕೃತಜ್ಞತೆಯಲ್ಲಿ ಒಂದು ಸಾಲು ಸಾಕು ಅಂತ ಸೀನಿಯರ್ ಒಬ್ಬರು ಹೇಳಿದರು.

---

ನಾಗರಬಾವಿ_ನಂಬರ್ರು

ಕಾಶಿ ವಿಚಾರ ಓದಿ ಮನೆಯವರಿಗೂ ಓದಿ ಹೇಳಿದೆ!

ಹುಡುಕಾಟಕ್ಕೆ ಯಂತ್ರ, ಓದಿಗೆ ನೀವು. ಇದು ಸರಿಯಾದ ಹಂಚಿಕೆ. ಆದರೆ ಅದು ಎತ್ತಿಕೊಟ್ಟದ್ದನ್ನು ಮಾತ್ರ ಓದಿದರೆ ಸಾಲದು. ಎತ್ತದೆ ಬಿಟ್ಟದ್ದರಲ್ಲೂ ಒಂದಷ್ಟನ್ನು ಚೀಟಿ ಎತ್ತಿ ಓದಿ. ಏನು ತಪ್ಪಿಸಿಕೊಂಡಿತು ಅಂತ ಗೊತ್ತಾಗುವುದು ಹಾಗೇ.

ಕೃತಜ್ಞತೆಯಲ್ಲಿ ಹಾಕಬೇಡಿ. ಅದು ಅಮ್ಮ, ಅಪ್ಪ, ಹಾಸ್ಟೆಲ್ ಗೆಳತಿಯರಿಗೆ. ನೇಚರ್, ಸೈನ್ಸ್ ಎರಡೂ ಪತ್ರಿಕೆಗಳು 2023ರ ಜನವರಿಯಲ್ಲೇ ಚಾಟ್‌ಬಾಟ್ ಲೇಖಕ ಆಗಲಾರದು ಅಂತ ಹೇಳಿಬಿಟ್ಟವು. ಹೊಣೆ ಹೊರಲಾಗದವರು ಲೇಖಕರಾಗಲಾರರು, ಅಷ್ಟೇ ತರ್ಕ. ಬಳಸಿದ್ದನ್ನು ವಿಧಾನದ ಅಧ್ಯಾಯದಲ್ಲಿ ಬರೆಯಬೇಕು. ಮಾಡೆಲ್‌ನ ಹೆಸರು, ಆವೃತ್ತಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಓಡಿಸಿದಿರಿ, ಯಾವ ಸಂಪುಟದ ಪಠ್ಯ ಕೊಟ್ಟಿರಿ, ಕನ್ನಡ ಕೊಟ್ಟಿರೋ ರೈಸ್‌ನ ಇಂಗ್ಲಿಷ್ ಕೊಟ್ಟಿರೋ. ಕೇಳಿದ ಪ್ರಶ್ನೆಗಳನ್ನು ಅಕ್ಷರಶಃ ಅನುಬಂಧದಲ್ಲಿ ಹಾಕಿ. ಬಂದ ಉತ್ತರಗಳ ಫೈಲು ಉಳಿಸಿ, ಯಾಕಂದರೆ ಆರು ತಿಂಗಳ ನಂತರ ಅದೇ ಪ್ರಶ್ನೆಗೆ ಅದೇ ಉತ್ತರ ಬರುವುದಿಲ್ಲ. ವೈವಾದಲ್ಲಿ ಇದನ್ನು ಕೇಳುವವರು ಇದ್ದೇ ಇರುತ್ತಾರೆ. ಇಂಗ್ಲಿಷ್ ತಿದ್ದಿಸಿದ್ದನ್ನು ಇನ್ನೊಂದು ಸಾಲಿನಲ್ಲಿ ಬೇರೆಯಾಗಿ ಹೇಳಿ, ಎರಡನ್ನೂ ಬೆರೆಸಬೇಡಿ.

ವಾರಣಾಸಿ ಪಟ್ಟಿಯನ್ನು ತೆಗೆಯದೆ ಹಾಗೇ ಸಭೆಗೆ ಒಯ್ಯಿರಿ. 'ಎಐ ಎಲ್ಲಿದೆ' ಅಂತ ಕೇಳಿದವರಿಗೆ ಮೊದಲ ಸ್ಲೈಡ್ ಅದೇ ಇರಲಿ. ಎರಡನೆಯದರಲ್ಲಿ ನೀವು ಹೊಸದಾಗಿ ಕಂಡ ಆ ತೂಬಿನ ಶಾಸನಗಳು.